ಗಾಂಧಿ ನಕಲು ಮಾಡಲಿಲ್ಲ, ನಾವು ಮಕ್ಕಳಿಂದ ಮಾಡಿಸುತ್ತಿದ್ದೇವೆ!

ಅಕ್ಟೋಬರ್ 2 ಬಂತೆಂದರೆ ನಾಡಿನ ಶಾಲೆಗಳಲ್ಲೆಲ್ಲ ಒಂದೇ ಭಾಷಣ. “ಪೂಜ್ಯ ಗುರುಗಳೇ, ನನ್ನ ಸಹಪಾಠಿಗಳೇ, ಗಾಂಧೀಜಿಯವರು 1869ರಲ್ಲಿ ಪೋರಬಂದರಿನಲ್ಲಿ ಜನಿಸಿದರು...” ಹೆಸರು, ಇಸವಿ ಬದಲಾಯಿಸಿದರೆ ನವೆಂಬರ್ 14ಕ್ಕೆ ನೆಹರೂ ಸಿದ್ಧ, ಏಪ್ರಿಲ್ 14ಕ್ಕೆ ಅಂಬೇಡ್ಕರ್ ಸಿದ್ಧ. ಗೈಡಿನ ಪ್ರಬಂಧ ಕರಿಹಲಗೆಗೆ, ಕರಿಹಲಗೆಯಿಂದ ಮಗುವಿನ ನೋಟ್‌ಬುಕ್ಕಿಗೆ, ಅಲ್ಲಿಂದ ಪರೀಕ್ಷೆಯ ಹಾಳೆಗೆ. ಈಗ ಗೈಡಿನ ಜಾಗಕ್ಕೆ ಮೊಬೈಲು ಬಂದಿದೆ, ಅಷ್ಟೇ ಪ್ರಗತಿ!

ಗಾಂಧಿ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳಿಕೊಂಡಿದ್ದಾರೆ. ಹೈಸ್ಕೂಲಿನ ಮೊದಲ ವರ್ಷ. ಶಾಲಾ ಇನ್‌ಸ್ಪೆಕ್ಟರ್ ಗೈಲ್ಸ್ ಬಂದು ಐದು ಇಂಗ್ಲಿಷ್ ಪದ ಬರೆಸಿದರು. ‘ಕೆಟಲ್’ ಎಂಬ ಪದವನ್ನು ಹುಡುಗ ತಪ್ಪು ಬರೆದ. ಮೇಷ್ಟ್ರು ಬೂಟಿನ ತುದಿಯಿಂದ ತಟ್ಟಿ, ಪಕ್ಕದವನ ಸ್ಲೇಟು ನೋಡಿ ಬರೆ ಎಂದು ಸನ್ನೆ ಮಾಡಿದರು. ಹುಡುಗ ನೋಡಲಿಲ್ಲ. ಇಡೀ ತರಗತಿಯಲ್ಲಿ ತಪ್ಪು ಬರೆದವನು ಅವನೊಬ್ಬನೇ. ಅಂಥವನ ಮೇಲೆ ನಮ್ಮ ಮಕ್ಕಳು ಬರೆಯುವ ಪ್ರಬಂಧ ಮಾತ್ರ ಪಕ್ಕದವನ ನೋಟ್‌ಬುಕ್ಕಿನದು!

ಇನ್ನೊಂದು ಮಾತು. ಬ್ಯಾರಿಸ್ಟರ್ ಗಾಂಧಿ ಆ ಆತ್ಮಕಥೆ ಬರೆದದ್ದು ಇಂಗ್ಲಿಷಿನಲ್ಲಲ್ಲ, ಗುಜರಾತಿಯಲ್ಲಿ. ವಿದೇಶದಲ್ಲಿ ಓದಿಬಂದ ಅಂಬೇಡ್ಕರ್ 1920ರಲ್ಲಿ ‘ಮೂಕನಾಯಕ’ ಪತ್ರಿಕೆ ಹೊರಡಿಸಿದ್ದು ಮರಾಠಿಯಲ್ಲಿ. ದೇಶ ಕಟ್ಟಿದವರು ತಾಯ್ನುಡಿಯಲ್ಲಿ ಬರೆದರು. ಇದನ್ನು ಯಾವ ಜಯಂತಿಯ ಭಾಷಣದಲ್ಲೂ ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ತಿರುಮಣಿ. ಓದುಗರಲ್ಲಿ ಎಷ್ಟು ಮಂದಿ ಆ ಊರು ನೋಡಿದ್ದೀರಿ? ತುಮಕೂರು ಜಿಲ್ಲೆ, ಪಾವಗಡ ತಾಲ್ಲೂಕು, ನಾಗಲಮಡಿಕೆ ಹೋಬಳಿ. ಮೂರು ದಿಕ್ಕಿಗೂ ಆಂಧ್ರವಿರುವ ತಾಲ್ಲೂಕು ಅದು. ಶಿಕ್ಷಣ ಇಲಾಖೆಯ ಕಡತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಒಂದು. ಬೆಂಗಳೂರಿನ ದೊಡ್ಡವರಿಗೆ ತಿರುಮಣಿ ಗೊತ್ತಾದದ್ದು ಸೋಲಾರಿನಿಂದ. ಸುತ್ತಲ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ವಿದ್ಯುತ್ ಪಾರ್ಕು ಎದ್ದಿತು. 2018ರಲ್ಲಿ ಮುಖ್ಯಮಂತ್ರಿಗಳೇ ಬಂದು ಉದ್ಘಾಟಿಸಿ ಹೋದರು. ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ರೈತನಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಬೆಳಕು ನಾಡಿಗೆಲ್ಲ ಹೋಯಿತು. ಆ ಊರುಗಳ ಮಕ್ಕಳ ಓದಿಗೆ ಏನು ಬಂತು?

ಆ ಸೀಮೆಯ ಬಹುಪಾಲು ಮನೆಗಳಲ್ಲಿ ಆಡುವ ಮಾತು ತೆಲುಗು. ‘ಅವ್ವ’ ಎಂದರೆ ಧಾರವಾಡದ ಮಗುವಿಗೆ ತಾಯಿ, ಇಲ್ಲಿಯ ಮಗುವಿಗೆ ಅಜ್ಜಿ. ಅಂಥ ಮಗು ಒಂದನೇ ತರಗತಿಗೆ ಬಂದು ಕನ್ನಡ ಕಲಿಯುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ ನಾಲ್ಕು ವಾಕ್ಯ ಸ್ವಂತವಾಗಿ ಬರೆಯುವ ಹೊತ್ತಿಗೆ ಅದರ ಕೈಗೆ ಬಾಯಿಪಾಠದ ಪ್ರಬಂಧ ಕೊಟ್ಟರೆ? ಮಗು ಅಕ್ಷರ ತಿದ್ದುತ್ತದೆ, ಅರ್ಥ ತಿಳಿಯುವುದಿಲ್ಲ. ಕನ್ನಡವೆಂದರೆ ಜಯಂತಿಯ ದಿನ ಒಪ್ಪಿಸಿ ಮರೆಯುವ ಮಂತ್ರವಾಗುತ್ತದೆ. ಗಡಿಯಲ್ಲಿ ಕನ್ನಡ ಸೋಲುವುದು ಹೀಗೆ. ತೆಲುಗಿನಿಂದಲ್ಲ!

ಮೇಲಿನವರ ಜಗಳವೇ ಬೇರೆ. 2022ರಲ್ಲಿ ಒಂದು ಸರ್ಕಾರ ಪಠ್ಯಪುಸ್ತಕದಲ್ಲಿ ತನಗೆ ಬೇಕಾದವರನ್ನು ಸೇರಿಸಿತು. 2023ರಲ್ಲಿ ಇನ್ನೊಂದು ಸರ್ಕಾರ ಅವರನ್ನು ತೆಗೆಯಿತು. ಪತ್ರಿಕೆ, ಟೀವಿ, ಬೀದಿಗಳಲ್ಲಿ ವಾರಗಟ್ಟಲೆ ಕೂಗಾಟ. ಯಾವ ನಾಯಕರ ಪಾಠವಿರಬೇಕು ಎಂಬ ಪ್ರಶ್ನೆ ಮುಖ್ಯವಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಆ ಪಾಠವನ್ನು ತಡವರಿಸದೆ ಓದಿ, ಪುಸ್ತಕ ಮುಚ್ಚಿ, ತನ್ನ ಮಾತಲ್ಲಿ ಐದು ಸಾಲು ಬರೆಯಬಲ್ಲ ಮಕ್ಕಳು ಎಷ್ಟಿದ್ದಾರೆ ಎಂದು ವಿಧಾನಸೌಧದಲ್ಲಿ ಅಷ್ಟೇ ಗಟ್ಟಿಯಾಗಿ ಕೇಳಿದವರು ಯಾರು?

1994ರ ಭಾಷಾ ನೀತಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಹೀಗಿರುವಾಗ ಕನ್ನಡ ಶಾಲೆಯನ್ನೇ ನಂಬಿ ಮಗುವನ್ನು ಕಳಿಸುವ ತಿರುಮಣಿಯ ತಾಯಿಗೆ ನಾವು ಕೊಡಬೇಕಾದದ್ದು ಒಳ್ಳೆಯ ಕನ್ನಡ. ಬರೀ ಘೋಷಣೆ ಅಲ್ಲ.

ಒಳ್ಳೆಯ ಪಾಠಕ್ಕೆ ದೂರ ಹೋಗಬೇಕಿಲ್ಲ. ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿ ಇದೆಯಲ್ಲ, ಅದೇ ನದಿಯ ಮೇಲ್ಭಾಗದ ದಂಡೆಯಲ್ಲಿದೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಎನ್ನುತ್ತಾರೆ ಜನ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಂದಿಗೆ ಒಪ್ಪಂದವಾಗಿ ಮೈಸೂರು ಕಾಂಗ್ರೆಸ್ಸಿಗೂ ಅದರ ಧ್ವಜಕ್ಕೂ ಮಾನ್ಯತೆ ಸಿಕ್ಕಿತು. ಇದನ್ನು ಓದಿದ ಮಗುವಿಗೆ ಪಟೇಲರು ಎಲ್ಲೋ ಗುಜರಾತಿನ ಪ್ರತಿಮೆಯಲ್ಲ, ನಮ್ಮ ಹೊಳೆಯ ಜನ ಸತ್ತಾಗ ಬಂದವರು. ಸತ್ತವರ ಲೆಕ್ಕ ಎರಡೇಕೆ ಎಂದು ಕೇಳಿ ನಾಲ್ಕು ಸಾಲು ಬರೆಯಲು ಹೇಳಿ. ಕಾಗುಣಿತ ತಪ್ಪಲಿ, ಪರವಾಗಿಲ್ಲ. ಕೆಂಪು ಶಾಯಿ ಸ್ವಲ್ಪ ದಿನ ಜೇಬಿನಲ್ಲೇ ಇರಲಿ, ಮೇಷ್ಟ್ರೇ.

ಮನೆಯ ತೆಲುಗನ್ನು ಬಾಗಿಲ ಹೊರಗೆ ನಿಲ್ಲಿಸುವುದೂ ಬೇಡ. ನಮ್ಮವರಲ್ಲಿ ಕೆಲವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ಆದರೂ ಹೇಳುತ್ತೇವೆ. ಮಗು ಅವ್ವನನ್ನು ತೆಲುಗಿನಲ್ಲೇ ಕೇಳಲಿ, ಶಾಲೆಗೆ ಬಂದು ಕನ್ನಡದಲ್ಲಿ ಬರೆಯಲಿ. ಆಂಧ್ರಕ್ಕಾಗಿ ಉಪವಾಸವಿದ್ದು 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟ ಪೊಟ್ಟಿ ಶ್ರೀರಾಮುಲು ಅವರ ಕತೆಯನ್ನೂ ಕರ್ನಾಟಕದ ಏಕೀಕರಣಕ್ಕೆ ಬಾಳು ಸವೆಸಿದ ಆಲೂರು ವೆಂಕಟರಾಯರ ಕತೆಯನ್ನೂ ಒಟ್ಟಿಗೆ ಓದಲಿ. 1953ರಲ್ಲಿ ಬಳ್ಳಾರಿ ನಮಗೆ ಬಂತು, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆ ಗೆರೆಯ ಆಚೆ ಮಡಕಶಿರಾದಲ್ಲಿ ಕನ್ನಡ ಮಾತಾಡುವ ಮಕ್ಕಳಿದ್ದಾರೆ, ಈಚೆ ತಿರುಮಣಿಯಲ್ಲಿ ತೆಲುಗು ಮಾತಾಡುವ ಮಕ್ಕಳಿದ್ದಾರೆ. ಅಲ್ಲಿಯ ನಮ್ಮ ಮಕ್ಕಳಿಗೆ ಯಾವ ಮರ್ಯಾದೆ ಕೇಳುತ್ತೇವೋ ಇಲ್ಲಿಯ ಮಕ್ಕಳಿಗೆ ಅದನ್ನೇ ಕೊಡಬೇಕು.

ಪುಸ್ತಕಕ್ಕೇನೂ ಬರವಿಲ್ಲ. ಒಂದು ತಲೆಮಾರು ಭಾರತ-ಭಾರತಿ ಮಾಲೆಯ ಜೇಬು ಪುಸ್ತಕಗಳನ್ನು ಓದಿಯೇ ಬೆಳೆಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸದಸ್ಯರನ್ನಾಗಿ ಮಾಡುವ ‘ಓದುವ ಬೆಳಕು’ 2020ರಲ್ಲೇ ಬಂದಿದೆ. ಬೇಕಾದದ್ದು ಸಂಜೆ ಬಾಗಿಲು ತೆರೆದಿರುವುದು, ಬೀರುವಿನ ಬೀಗ ತೆಗೆದಿರುವುದು. ತಿರುಮಣಿಯ ಬಿಸಿಲಿನಿಂದ ಕೋಟಿ ಎಣಿಸುವ ಕಂಪನಿಗಳು ಐದೂ ಗ್ರಾಮಗಳ ಶಾಲೆಗೆ ಕನ್ನಡ ಪುಸ್ತಕ ಕೊಡಲಿ, ಗಡಿ ಶಾಲೆಗಳಿಗೆ ಎರಡೂ ನುಡಿ ಬಲ್ಲ ಕನ್ನಡ ಶಿಕ್ಷಕರನ್ನು ಇಲಾಖೆ ಹಾಕಲಿ.

ನಮ್ಮ ಕಾರ್ಯಕರ್ತರಿಗೂ ಒಂದು ಮಾತು. ರಾಜ್ಯೋತ್ಸವಕ್ಕೆ ಗಡಿಗೆ ಹೋಗುವಾಗ ಬಾವುಟದ ಜೊತೆ ನೂರು ಪುಟದ ನೋಟ್‌ಬುಕ್ಕುಗಳನ್ನೂ ಒಯ್ಯಿರಿ. ಮಕ್ಕಳು ಸ್ವಂತ ಕನ್ನಡದಲ್ಲಿ ಬರೆದದ್ದನ್ನು, ತಪ್ಪಿದ್ದರೆ ತಪ್ಪಿನ ಸಮೇತ, ನಮಗೆ ಕಳಿಸಿ. ಈ ಪುಟದಲ್ಲಿ ಅಚ್ಚು ಹಾಕುತ್ತೇವೆ.