ಹಲ್ಲು ಕೀಳಿಸುವ ಮುನ್ನ

‘ಮಳೆಗಾಲದಲ್ಲಿ ಮತ್ತೆ ಮತ್ತೆ ಪೇಟೆಗೆ ಬರಲಾಗದು, ಕಿತ್ತೇಬಿಡಿ’ ಎಂಬ ಮಾತು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ದಂತವೈದ್ಯರಿಗೆ ಹೊಸತಲ್ಲ. ಹುಳುಕು ನರಕ್ಕೆ ತಾಗಿತೆಂದರೆ ಹಲ್ಲಿನ ಆಯುಷ್ಯ ಮುಗಿಯಿತೆಂದೇ ಸದ್ಭಕ್ತರಲ್ಲಿ ಹಲವರು ಭಾವಿಸಿದ್ದಾರೆ. ಈ ಭಾವನೆಯನ್ನು ನಾವು ಬಿಡಬೇಕಾಗಿದೆ.

ನಾವು ‘ನರ’ ಎನ್ನುವುದು ವಸ್ತುತಃ ರಕ್ತನಾಳ, ನರತಂತು ಹಾಗೂ ಜೀವಕೋಶಗಳಿಂದ ಕೂಡಿದ ದಂತಮಜ್ಜೆ. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಶಕ್ತಿ ಅದಕ್ಕುಂಟು. 1965ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಹಲ್ಲು ಕೊರೆದು ಮಜ್ಜೆಯನ್ನು ತೆರೆದಿಟ್ಟು ನೋಡಿದರು. ರೋಗಾಣುರಹಿತವಾಗಿ ಬೆಳೆಸಿದ ಇಲಿಗಳಲ್ಲಿ ಗಾಯದ ಮೇಲೆ ಹೊಸ ಡೆಂಟಿನ್ನಿನ ಸೇತುವೆ ಕಟ್ಟಿಕೊಂಡಿತು; ಸಾಮಾನ್ಯ ಇಲಿಗಳಲ್ಲಿ ಮಜ್ಜೆ ಕೊಳೆತು ಸತ್ತಿತು. ಅಂದರೆ ಮಜ್ಜೆಯನ್ನು ಕೊಲ್ಲುವುದು ಗಾಯವಲ್ಲ, ಗಾಯದೊಳಗೆ ನುಗ್ಗುವ ರೋಗಾಣು.

ಮಜ್ಜೆಯ ಮೇಲೆ ವೈದ್ಯರು ಇಡುವ ಲೇಪದ ಕೆಲಸವೂ ಇದೇ. ಬಹುಕಾಲದಿಂದ ಬಳಕೆಯಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನ ಕ್ಷಾರಗುಣದಿಂದ ರೋಗಾಣುಗಳನ್ನು ಅಡಗಿಸಿ, ಕೆಳಗಿನ ಜೀವಕೋಶಗಳನ್ನು ಹೊಸ ಡೆಂಟಿನ್ ಕಟ್ಟಲು ಪ್ರಚೋದಿಸುತ್ತದೆ. ಆದರೆ ಅದು ಕಾಲಕ್ರಮೇಣ ಕರಗುತ್ತದೆ. ಕಟ್ಟಿದ ಸೇತುವೆಯಲ್ಲಿ ರಂಧ್ರಗಳೂ ಉಳಿಯಬಹುದು. 1990ರ ದಶಕದಲ್ಲಿ ಬಂದ ಎಂಟಿಎ ಎಂಬ ಸಿಮೆಂಟು ಬಿಗಿಯಾಗಿ ಮುಚ್ಚುತ್ತದೆ; ಅದರಡಿ ದಟ್ಟವಾದ ಸೇತುವೆ ಕಟ್ಟುತ್ತದೆ. ಇದಕ್ಕೆ ವಾರಗಳಿಂದ ಕೆಲವು ತಿಂಗಳು ಬೇಕು.

ಎಲ್ಲ ಹಲ್ಲಿಗೂ ಇದು ಸಲ್ಲದು. ತಣ್ಣೀರು ತಾಗಿದಾಗ ಚುಳುಕೆಂದು ಕೂಡಲೇ ಶಮನವಾಗುವ ನೋವಿದ್ದರೆ ಮಜ್ಜೆ ಉಳಿಯುವ ಆಸೆ ಹೆಚ್ಚು. ರಾತ್ರಿ ತಾನಾಗಿಯೇ ಎದ್ದು ಗಂಟೆಗಟ್ಟಲೆ ಕಾಡುವ ನೋವು, ಬಾವು, ಕೀವು ಕಂಡರೆ ಲೇಪವೊಂದರಿಂದಲೇ ಗುಣವಾಗುವ ಹಂತ ಬಹುತೇಕ ಮೀರಿರುತ್ತದೆ. ಆಗಲೂ ಬೇರುನಾಳ ಚಿಕಿತ್ಸೆಯಿಂದ ಹಲ್ಲನ್ನು ಉಳಿಸಿಕೊಳ್ಳಬಹುದು. ಆದ್ದರಿಂದ ತಡಮಾಡದೆ ಹೋಗುವುದೇ ಅರ್ಧ ಚಿಕಿತ್ಸೆ.

ಅಡಿಕೆ ನಮ್ಮ ಅನ್ನದ ಬೆಳೆ, ನಿಜ. ಆದರೆ ಗಟ್ಟಿ ಅಡಿಕೆ ಜಗಿದು ಹಲ್ಲು ಸವೆಯುತ್ತದೆ, ಬಿರುಕು ಬಿಡುತ್ತದೆ. ಅದು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಸಾರಿದೆ. ಬೆಳೆಯೋಣ, ಬಾಯಲ್ಲಿ ಇಡುವುದನ್ನು ಬಿಡೋಣ.

ಈ ಲೇಪಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಸದಾ ದೊರೆಯುವಂತೆ ಮಾಡುವುದು ಸರ್ಕಾರದ ಹೊಣೆ. ‘ಈ ಹಲ್ಲನ್ನು ಉಳಿಸಲು ಸಾಧ್ಯವೇ?’ ಎಂದು ಕೇಳುವುದು ನಮ್ಮ ಹೊಣೆ. ಮಠಗಳಲ್ಲಿ ನಡೆಯುವ ದಂತ ಶಿಬಿರಗಳೂ ಇನ್ನು ಮುಂದೆ ಕಿತ್ತ ಹಲ್ಲುಗಳ ಲೆಕ್ಕಕ್ಕಿಂತ ಉಳಿಸಿದ ಹಲ್ಲುಗಳ ಲೆಕ್ಕವನ್ನು ಭಕ್ತರ ಮುಂದಿಡಲಿ.