ಛತ್ರ ಸಿಗುವವರೆಗೆ ಕಾಯುವ ಜ್ಞಾನಸ್ನಾನ

ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಮಗುವಿನ ಜ್ಞಾನಸ್ನಾನದ ದಿನವನ್ನು ಗೊತ್ತುಮಾಡುವವರು ಯಾರು? ಅನೇಕ ಕುಟುಂಬಗಳಲ್ಲಿ ತಂದೆತಾಯಿಗಳೂ ಅಲ್ಲ, ವಿಚಾರಣಾ ಗುರುಗಳೂ ಅಲ್ಲ. ಛತ್ರದ ವ್ಯವಸ್ಥಾಪಕರು, ಅಡುಗೆಯ ಗುತ್ತಿಗೆದಾರರು, ಕೊಲ್ಲಿ ರಾಷ್ಟ್ರದಿಂದ ರಜೆಯ ಮೇಲೆ ಬರಬೇಕಾದ ಸೋದರಮಾವ! ಇವರೆಲ್ಲರ ಅನುಕೂಲ ಕೂಡಿಬರುವಷ್ಟರಲ್ಲಿ ಮಗು ಅಂಬೆಗಾಲಿಟ್ಟು, ಎದ್ದು ನಿಂತು, ಕೆಲವೊಮ್ಮೆ ತಾನೇ ನಡೆದುಕೊಂಡು ಜ್ಞಾನಸ್ನಾನದ ತೊಟ್ಟಿಯ ಬಳಿಗೆ ಬರುತ್ತದೆ. "ಹೇಗೂ ಮೊದಲ ಹುಟ್ಟುಹಬ್ಬ ಬಂತಲ್ಲ, ಎರಡನ್ನೂ ಒಟ್ಟಿಗೆ ಮಾಡಿಬಿಡೋಣ" ಎಂಬ ಮಾತು ಈಗ ಯಾರಿಗೂ ವಿಚಿತ್ರವಾಗಿ ಕೇಳಿಸುವುದಿಲ್ಲ. ಕೇಳಿಸಬೇಕಿತ್ತು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 867ನೆಯ ವಿಧಿಯು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಟ್ಟಿಲ್ಲ. ಮಗು ಹುಟ್ಟಿದ ಮೊದಲ ಕೆಲವು ವಾರಗಳೊಳಗೆ ಜ್ಞಾನಸ್ನಾನ ಕೊಡಿಸುವುದು ತಂದೆತಾಯಿಗಳ ಕರ್ತವ್ಯ. ಹುಟ್ಟಿದ ಕೂಡಲೇ, ಸಾಧ್ಯವಾದರೆ ಅದಕ್ಕೂ ಮುನ್ನವೇ, ಅವರು ಗುರುಗಳನ್ನು ಕಂಡು ಸಿದ್ಧತೆ ಆರಂಭಿಸಬೇಕು. ಮೂರನೆಯ ಶತಮಾನದ ಮಧ್ಯಭಾಗದಲ್ಲಿ ಆಫ್ರಿಕದ ಕಾರ್ಥೇಜಿನಲ್ಲಿ ಸಂತ ಸಿಪ್ರಿಯಾನರೊಡನೆ ಸಭೆ ಸೇರಿದ ಧರ್ಮಾಧ್ಯಕ್ಷರ ಮುಂದೆ ಒಂದು ಪ್ರಶ್ನೆ ಬಂದಿತ್ತು. ಹಳೆಯ ಒಡಂಬಡಿಕೆಯ ಸುನ್ನತಿಯಂತೆ ಜ್ಞಾನಸ್ನಾನಕ್ಕೂ ಎಂಟನೆಯ ದಿನದವರೆಗೆ ಕಾಯಬೇಕೇ? ಕಾಯಬೇಕಾಗಿಲ್ಲ, ದೇವರ ಕೃಪೆಯನ್ನು ಯಾವ ಶಿಶುವಿಗೂ ತಡೆಹಿಡಿಯಬಾರದು ಎಂಬುದು ಅವರ ಒಮ್ಮತದ ತೀರ್ಮಾನ. ಅವರು ಚರ್ಚಿಸಿದ್ದು ಎಂಟು ದಿನಗಳನ್ನು. ನಾವು ಕಾಯುವುದು ಹನ್ನೊಂದು ತಿಂಗಳು.

ತಾಯಿ ಕಾರ್ಡನ್ನು ಬಿಡಿಸಿ ನೋಡಿ. ಹುಟ್ಟಿದಾಗ ಬಿ.ಸಿ.ಜಿ., ಪೋಲಿಯೊ ಹನಿ. ಆರನೆಯ ವಾರಕ್ಕೆ ಮುಂದಿನ ಲಸಿಕೆ. ಅಲ್ಲಿ ಸೋದರಮಾವನಿಗಾಗಿ ಯಾರೂ ಕಾಯುವುದಿಲ್ಲ. ಮಗುವಿನ ದೇಹದ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ನಾವು ಆತ್ಮದ ವಿಷಯಕ್ಕೆ ಬಂದಾಗ ಹೀಗೇಕೆ ಆಲಸಿಗಳಾಗುತ್ತೇವೆ?

ಇಲ್ಲಿ ಕೆಲವರು ಕೇಳುತ್ತಾರೆ: "ಹಾಗಾದರೆ ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಹಸುಳೆಯನ್ನು ದೇವರು ಕೈಬಿಡುತ್ತಾರೆಯೇ?" ಇಲ್ಲ. ಅಂಥ ಶಿಶುಗಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ. ಅವರ ರಕ್ಷಣೆಯನ್ನು ನಿರೀಕ್ಷಿಸಲು ಬಲವಾದ ಆಧಾರಗಳಿವೆ ಎಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ ಪ್ರಕಟವಾದ ತನ್ನ ದಸ್ತಾವೇಜಿನಲ್ಲಿ ವಿವರಿಸಿದೆ. ಮಗುವನ್ನು ಕಳೆದುಕೊಂಡ ತಾಯಿಯನ್ನು ನರಕದ ಮಾತಿನಿಂದ ನೋಯಿಸುವವರು ಧರ್ಮಸಭೆಯ ಬೋಧನೆಯನ್ನು ಅರಿತವರಲ್ಲ. ದೇವರು ರಕ್ಷಣೆಯನ್ನು ಈ ಸಂಸ್ಕಾರಕ್ಕೆ ಬೆಸೆದಿದ್ದಾರೆ, ಆದರೆ ತಾವು ಅದಕ್ಕೆ ಕಟ್ಟುಬಿದ್ದವರಲ್ಲ.

ಆದರೆ ಈ ಕರುಣೆಯನ್ನೇ ನಮ್ಮ ಆಲಸ್ಯಕ್ಕೆ ಹೊದಿಕೆ ಮಾಡಿಕೊಳ್ಳಬಹುದೇ? ಒಂದು ಹೊತ್ತು ಹಾಲುಣಿಸದಿದ್ದರೆ ಮಗು ಸಾಯುವುದಿಲ್ಲವೆಂದು ಯಾವ ತಾಯಿಯೂ ಹಾಲನ್ನು ನಾಳೆಗೆ ಎತ್ತಿಡುವುದಿಲ್ಲ. ಜ್ಞಾನಸ್ನಾನವು ಮರಣದ ಭಯಕ್ಕೆ ಮಾಡಿಸುವ ವಿಮೆಯಲ್ಲ, ಅದೊಂದು ಜನನ. ರಾತ್ರಿಯಲ್ಲಿ ಬಂದ ನಿಕೊದೇಮನಿಗೆ ಯೇಸುಸ್ವಾಮಿ ಹೇಳಿದ್ದು ನೀರಿನಿಂದಲೂ ಪವಿತ್ರಾತ್ಮರಿಂದಲೂ ಆಗುವ ಈ ಹೊಸ ಹುಟ್ಟನ್ನೇ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಇನ್ನೂ ಆಳಕ್ಕಿಳಿಯುತ್ತಾರೆ: ಆ ನೀರಿನಲ್ಲಿ ನಾವು ಕ್ರಿಸ್ತರೊಡನೆ ಸತ್ತು ಸಮಾಧಿಯಾಗಿ ಅವರೊಡನೆ ಏಳುತ್ತೇವೆ. ಜನ್ಮಪಾಪ ಕಳೆದು, ಮಗು ದೇವರ ದತ್ತುಪುತ್ರನೋ ಪುತ್ರಿಯೋ ಆಗುತ್ತದೆ. ಎಂದಿಗೂ ಅಳಿಯದ ಒಂದು ಮುದ್ರೆ ಅದರ ಆತ್ಮದ ಮೇಲೆ ಬೀಳುತ್ತದೆ. ಇಷ್ಟು ದೊಡ್ಡ ಕೊಡುಗೆಯನ್ನು ಕೇಕಿನ ಜೊತೆ ಹಂಚುವ ಕಾರ್ಯಕ್ರಮವನ್ನಾಗಿ ಮಾಡಿದ್ದೇವೆ.

"ದೊಡ್ಡವನಾದ ಮೇಲೆ ಅವನೇ ಆರಿಸಿಕೊಳ್ಳಲಿ" ಎನ್ನುವ ವಿದ್ಯಾವಂತರೂ ಇದ್ದಾರೆ. ಮಗುವಿಗೆ ಹೆಸರಿಡುವಾಗ ಕೇಳಿದಿರೇ? ಕನ್ನಡದಲ್ಲಿ ಲಾಲಿ ಹಾಡುವಾಗ ಅದರ ಒಪ್ಪಿಗೆ ಪಡೆದಿರೇ? ನುಡಿಯನ್ನು ಕೊಟ್ಟದ್ದರಿಂದ ಮಗುವಿನ ಸ್ವಾತಂತ್ರ್ಯ ಕುಗ್ಗಲಿಲ್ಲ. ಮುಂದೆ ಅದು ಏನನ್ನು ಒಪ್ಪಿದರೂ ನಿರಾಕರಿಸಿದರೂ ನೀವು ಕೊಟ್ಟ ನುಡಿಯಲ್ಲೇ ಮಾಡುತ್ತದೆ. ಸಂತ ಅಗಸ್ತೀನರು ಬಾಲ್ಯದಲ್ಲಿ ಕಾಯಿಲೆ ಬಿದ್ದಾಗ ಜ್ಞಾನಸ್ನಾನವನ್ನು ಬೇಡಿದ್ದರು. ಗುಣವಾಗುತ್ತಲೇ ಮನೆಯವರು ಅದನ್ನು ಮುಂದಕ್ಕೆ ಹಾಕಿದರು. 387ರ ಪಾಸ್ಖದಲ್ಲಿ ಮಿಲಾನಿನಲ್ಲಿ ಸಂತ ಆಂಬ್ರೋಸರಿಂದ ಅದು ದೊರೆಯುವಾಗ ಅವರಿಗೆ 32 ವರ್ಷ. ಆ ಮುಂದೂಡಿಕೆ ತಮಗೆ ಒಳ್ಳೆಯದನ್ನು ಮಾಡಿತೇ ಎಂದು ಆ ಮಹಾಜ್ಞಾನಿ ತಮ್ಮ ಆತ್ಮನಿವೇದನೆಯಲ್ಲಿ ದೇವರನ್ನೇ ಕೇಳುತ್ತಾರೆ.

ಜ್ಞಾನತಂದೆ, ಜ್ಞಾನತಾಯಿಯರ ಆಯ್ಕೆಯ ಬಗ್ಗೆ ಒಂದು ಮಾತು. ಹದಿನಾರು ತುಂಬಿರಬೇಕು, ದೃಢೀಕರಣ ಹೊಂದಿರಬೇಕು, ವಿಶ್ವಾಸಕ್ಕೆ ತಕ್ಕ ಬಾಳು ನಡೆಸುತ್ತಿರಬೇಕು ಎನ್ನುತ್ತದೆ ಧರ್ಮಸಭೆ. ಚಿನ್ನದ ಸರ ಹಾಕುವ ಶಕ್ತಿ ಇರಬೇಕೆಂದು ಎಲ್ಲಿಯೂ ಹೇಳಿಲ್ಲ.

ಸಂಭ್ರಮ ಬೇಡವೆಂದು ನಾನು ಹೇಳುತ್ತಿಲ್ಲ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಭೂಕಂಪವಾದ ರಾತ್ರಿಯೇ, ಪೌಲ ಮತ್ತು ಸೀಲರ ಗಾಯಗಳನ್ನು ತೊಳೆದು, ಮನೆಮಂದಿಯೊಡನೆ ಜ್ಞಾನಸ್ನಾನ ಪಡೆದನು. ಆಮೇಲೆ ಅವರಿಗೆ ಊಟ ಬಡಿಸಿದನು. ಮೊದಲು ನೀರು, ಆಮೇಲೆ ಅನ್ನ. ಆ ನಡುರಾತ್ರಿ ಮನೆಯಲ್ಲಿ ಏನಿತ್ತೋ ಅದೇ ಔತಣ.

ನಮ್ಮ ಆಡಂಬರದ ಪೆಟ್ಟು ಬೀಳುವುದು ಮಾತ್ರ ಬೇರೆಯವರ ಮೇಲೆ. ಕೂಲಿ ಮಾಡುವ ದಂಪತಿ ನಿಮ್ಮ ಮನೆಯ ಔತಣವನ್ನು ನೋಡಿ, ತಮ್ಮ ಮಗುವಿಗೂ ಅಷ್ಟು ಆಗಬೇಕೆಂದು ಚೀಟಿ ಕಟ್ಟುತ್ತಾರೆ, ಇಲ್ಲವೇ ನಾಚಿಕೆಯಿಂದ ಧರ್ಮಕೇಂದ್ರದ ಕಚೇರಿಯ ಕಡೆ ಸುಳಿಯುವುದೇ ಇಲ್ಲ. ಬಡತನದ ಕಾರಣದಿಂದ ಯಾರಿಗೂ ಸಂಸ್ಕಾರ ತಪ್ಪಬಾರದೆಂದು 848ನೆಯ ವಿಧಿ ಗುರುಗಳನ್ನು ಎಚ್ಚರಿಸುತ್ತದೆ. ಆದರೆ ಇಲ್ಲಿ ತಪ್ಪಿಸುತ್ತಿರುವವರು ಗುರುಗಳಲ್ಲ, ನಾವು. ಹೊಸದಾಗಿ ಹುಟ್ಟಿದ ಶಿಶುಗಳಿಗೆಲ್ಲ ಸಾಧ್ಯವಾದಷ್ಟು ಒಂದೇ ದಿನ, ಭಾನುವಾರದಂದು, ವಿಶ್ವಾಸಿಗಳ ಸಮುದಾಯದ ನಡುವೆ ಜ್ಞಾನಸ್ನಾನ ಕೊಡಬೇಕೆಂಬುದು ಧರ್ಮಸಭೆಯ ವಿಧಿಯ ಆಶಯ. ಮುಂದಿನ ಬಾರಿ ನಿಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗ, ಆ ಕೂಲಿಯವರ ಮಗುವಿನ ಪಕ್ಕದಲ್ಲೇ ನಿಮ್ಮ ಮಗುವನ್ನೂ ಎತ್ತಿಕೊಂಡು ನಿಲ್ಲುವಿರಾ?