ಬಾಣದ ಮೂತಿಗೆ ಯಾವ ಲೋಹ?

ಗುದ್ದಲಿಗೆ ಕಾವು ಕೂರಿಸಿದವರಿಗೆ ಗೊತ್ತು: ಪೆಟ್ಟು ಬಿದ್ದಾಗ ಮೊದಲು ಸಡಿಲಾಗುವುದು ಕಬ್ಬಿಣವೂ ಅಲ್ಲ, ಮರವೂ ಅಲ್ಲ, ಅವೆರಡೂ ಸೇರುವ ಜಾಗ. ಬೇಟೆಯ ಬಾಣಕ್ಕೂ ಈ ಮಾತು ಸಲ್ಲುತ್ತದೆ. ಅಮೆರಿಕದ ಬಿಲ್ಲುಬೇಟೆಗಾರರು ಈಗ ಹೆಚ್ಚಾಗಿ ಬಳಸುವ ಕಾರ್ಬನ್ ಕಡ್ಡಿ ಒಂದು ಟೊಳ್ಳು ಕೊಳವೆ. ಅದರ ಮುಂಬಾಯಿಗೆ ಬೆರಳ ಗೆಣ್ಣಿನಷ್ಟುದ್ದದ ಲೋಹದ ತುಂಡೊಂದನ್ನು ಅಂಟಿನಿಂದ ಕೂರಿಸಿ, ಅದರೊಳಗೆ ಅಲಗನ್ನು ತಿರುಪಿ ಬಿಗಿಯುತ್ತಾರೆ. ಆ ತುಂಡೇ ಇನ್‌ಸರ್ಟ್.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಾದರೋ 1934ರಲ್ಲೇ ಬಿಲ್ಲಿಗೆಂದು ಪ್ರತ್ಯೇಕ ಬೇಟೆಯ ಋತು ಗೊತ್ತುಮಾಡಿದರು. ಅನುಮತಿ ಇರುವ ಕಡೆಯೂ ಪ್ರಾಣಿ ನರಳದೆ ಬೇಗ ಸಾಯಬೇಕೆಂಬುದು ಬೇಟೆಗಾರನ ಮೊದಲ ಹೊಣೆ. ಹಾಗಾಗಿ ಇನ್‌ಸರ್ಟ್ ಯಾವ ಲೋಹದ್ದಿರಬೇಕೆಂಬ ವಾದ ನನಗೆ ಸಣ್ಣದಾಗಿ ಕಾಣುವುದಿಲ್ಲ.

ಅಲ್ಯೂಮಿನಿಯಂ ಪರವಾದ ಮಾತು ಗಟ್ಟಿಯಾಗಿಯೇ ಇದೆ. ಅದರ ತೂಕ ಸಾಮಾನ್ಯವಾಗಿ 10ರಿಂದ 16 ಗ್ರೇನ್, ಅಂದರೆ ಒಂದು ಗ್ರಾಂನ ಆಸುಪಾಸು. ಬೆಲೆ ಕಡಿಮೆ. ಬಾಣ ಹಗುರವಾಗಿ ಉಳಿಯುವುದರಿಂದ ವೇಗ ಹೆಚ್ಚು, ಹಾರುವ ಹಾದಿ ಚಪ್ಪಟೆ. ಬಿಲ್ಲಿಗೆ ಒಮ್ಮೆ ಹೊಂದಿಸಿಕೊಂಡ ಕಡ್ಡಿಯನ್ನು ಬದಲಿಸಬೇಕಾಗಿಲ್ಲ.

ಅದರ ದೌರ್ಬಲ್ಯ ತಿಳಿಯುವುದು ಓರೆಪೆಟ್ಟಿನಲ್ಲಿ. ಕಲ್ಲಿಗೋ ಭುಜದ ಮೂಳೆಗೋ ತಗುಲಿ ಬಂದ ಬಾಣವನ್ನು ಅಲಗಿನ ತುದಿಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿ ನೋಡಿ. ಕಡ್ಡಿ ನೇರವಾಗಿದ್ದರೂ ಅಲಗು ಸೇರುವ ಜಾಗದಲ್ಲಿ ಸಣ್ಣ ಓಲಾಟ ಕಂಡರೆ ಇನ್‌ಸರ್ಟ್ ಬಾಗಿದೆಯೆಂದೇ ಅನುಮಾನಿಸಬೇಕು. ಅಂಥ ಬಾಣ ಗುರಿ ತಪ್ಪಬಹುದು. ಬೇಟೆಯ ನಡುವೆಯೇ ಇನ್‌ಸರ್ಟ್ ಬಾಗಿದರೆ ಒಳಹೊಗಬೇಕಾದ ಬಲ ಪಕ್ಕಕ್ಕೆ ಸೋರಿಹೋಗುತ್ತದೆ.

ಭಾರದ ಪಕ್ಷದವರು ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲಿನ ಕಡೆಗಿದ್ದಾರೆ. ಇವೆರಡರ ಸಾಂದ್ರತೆ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು. 400 ಗ್ರೇನ್ ಬಾಣದ ಮೂತಿಗೆ 60 ಗ್ರೇನ್ ಸೇರಿಸಿದರೆ ಅದರ ಮುಂತೂಕ, ಅಂದರೆ ಎಫ್‌ಒಸಿ (ಸಮತೋಲದ ಬಿಂದು ಬಾಣದ ನಡುಮಧ್ಯದಿಂದ ಎಷ್ಟು ಮುಂದಿದೆಯೆಂಬುದರ, ಬಾಣದ ಉದ್ದದ ಶೇಕಡಾ ಲೆಕ್ಕ), ಶೇ. 11ರಿಂದ ಹೆಚ್ಚುಕಡಿಮೆ 16ಕ್ಕೆ ಏರುತ್ತದೆ. ಆಫ್ರಿಕಾದಲ್ಲಿ ಬಾಣಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ಡಾ. ಎಡ್ ಆಶ್ಬಿ, ಒಳಹೊಗುವ ಬಾಣಕ್ಕೆ ಬೇಕಾದ ಗುಣಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಟ್ಟದ್ದು ಮುರಿಯದೆ, ಬಾಗದೆ ಉಳಿಯುವ ಗುಣಕ್ಕೆ. ತೂಕ ಆಮೇಲಿನ ಮಾತು.

ವೇಗ ಕಡಿಮೆಯಾಗುತ್ತದೆಂಬ ಆಕ್ಷೇಪವನ್ನು ಲೆಕ್ಕ ಹಾಕಿಯೇ ನೋಡೋಣ. ಸೆಕೆಂಡಿಗೆ 280 ಅಡಿ ಹೋಗುತ್ತಿದ್ದ ಬಾಣ 260ಕ್ಕೆ ಇಳಿಯಿತೆನ್ನಿ. 40 ಗಜದಲ್ಲಿರುವ ಜಿಂಕೆಯನ್ನು 35 ಗಜವೆಂದು ತಪ್ಪು ಅಂದಾಜಿಸಿ ಬಿಟ್ಟರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ, ವೇಗದ ಬಾಣ ಸುಮಾರು ನಾಲ್ಕೂವರೆ ಇಂಚು ಕೆಳಗೆ ಬೀಳುತ್ತದೆ, ನಿಧಾನದ್ದು ಸುಮಾರು ಐದು ಇಂಚು. ವ್ಯತ್ಯಾಸ ಒಂದು ಇಂಚೂ ಇಲ್ಲ. ದೂರದ ಅಂದಾಜು ತಪ್ಪಿದ್ದೇ ಇಲ್ಲಿ ದೊಡ್ಡ ದೋಷ.

ಆದರೆ ಭಾರದ ಪಕ್ಷಕ್ಕೂ ಉತ್ತರ ಹೇಳಬೇಕಾದ ಎರಡು ಪ್ರಶ್ನೆಗಳಿವೆ. ಮೂತಿ ಭಾರವಾದಂತೆ ಬಿಡುವಾಗ ಕಡ್ಡಿ ಹೆಚ್ಚು ಬಳುಕುತ್ತದೆ, ಹಾಗಾಗಿ ಗಡುಸಾದ ಕಡ್ಡಿ ಬೇಕಾಗಬಹುದು. ಎರಡನೆಯದು, ಸ್ಟೀಲು ಬಾಗಲೊಪ್ಪದಿದ್ದರೆ ಆ ಪೆಟ್ಟನ್ನು ತಿನ್ನುವುದು ಪಕ್ಕದ ಕಾರ್ಬನ್. ಕಡ್ಡಿಯ ಬಾಯಿ ಜಜ್ಜಿದ ಬೇವಿನ ಕಡ್ಡಿಯ ಹಾಗೆ ಎಳೆಎಳೆಯಾಗಿ ಬಿರಿಯುತ್ತದೆ. ಹೊರಗಿನಿಂದ ಬಿಗಿಯಾಗಿ ತೊಡಿಸುವ ಕಾಲರ್ ಈ ಬಿರಿತವನ್ನು ತಡೆಯಲು ನೆರವಾಗುತ್ತದೆ.

ಹೆಚ್ಚಿನವರು ಎಡವುವುದು ಹಿತ್ತಾಳೆಯ ಬಳಿ. ಭಾರವಾಗಿದೆಯಲ್ಲ, ಗಟ್ಟಿಯೂ ಇರಬೇಕೆಂದು ನಂಬುತ್ತಾರೆ. ವಾಸ್ತವವಾಗಿ 7075 ದರ್ಜೆಯ ಹದಗೊಳಿಸಿದ ಅಲ್ಯೂಮಿನಿಯಂ ಸಾಮಾನ್ಯ ಹಿತ್ತಾಳೆಗಿಂತ ಹೆಚ್ಚು ಬಲ ತಾಳುತ್ತದೆ. ಸ್ಟೀಲಿನಲ್ಲೂ ಹದ ಮಾಡಿದ್ದಕ್ಕೂ ಮೆತ್ತಗಿನದ್ದಕ್ಕೂ ಅಜಗಜಾಂತರ. ಟೈಟಾನಿಯಂ ಸ್ಟೀಲಿಗಿಂತ ಹಗುರ, ಅದರ ಒಳ್ಳೆಯ ಮಿಶ್ರಲೋಹಗಳು ಬಲದಲ್ಲಿ ಸ್ಟೀಲಿಗೆ ಸರಿಸಮ, ಆದರೆ ಬೆಲೆ ಮಾತ್ರ ವಿಪರೀತ. ಭಾರ ಬೇರೆ, ಬಲ ಬೇರೆ: ಮೊದಲನೆಯದು ಬಾಣದ ಸಮತೋಲ ನಿರ್ಧರಿಸುತ್ತದೆ, ಎರಡನೆಯದು ಪೆಟ್ಟಿನ ಕ್ಷಣದಲ್ಲಿ ಬಾಣವನ್ನು ಕಾಯುತ್ತದೆ.

ಯಾವ ಲೋಹವನ್ನೇ ಆರಿಸಿದರೂ ಅದನ್ನು ಹಿಡಿದಿಡುವುದು ಅಂಟು. ಕಡ್ಡಿಯ ತುದಿಯನ್ನು ಕಡ್ಡಿಗೆ ಲಂಬವಾಗಿ ಸಮತಟ್ಟಾಗುವಂತೆ ತೀಡಿ, ಒಳಗಿನ ಕಾರ್ಬನ್ ಧೂಳನ್ನು ಹತ್ತಿಕಡ್ಡಿಯಿಂದ, ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿ, ಆಮೇಲೆ ಎಪಾಕ್ಸಿ ಹಾಕಬೇಕು. ಬಿಸಿಯಂಟು ಬಳಸಿದರೆ ಮುಂದೆ ಬಿಚ್ಚಿ ಬದಲಿಸಬಹುದು, ಆದರೆ ಕಾವು ಅತಿಯಾದರೆ ಕಡ್ಡಿಯೊಳಗಿನ ರಾಳ ಕೆಡುತ್ತದೆ.

ನನ್ನ ತೀರ್ಮಾನ ಹೀಗೆ. 20, 30 ಗಜದೊಳಗೆ ನಿಂತು ಸಾಮಾನ್ಯ ಜಿಂಕೆಗೆ ಗುರಿಯಿಡುವವರಿಗೆ ಒಳ್ಳೆಯ ದರ್ಜೆಯ ಅಲ್ಯೂಮಿನಿಯಂ, ಚೊಕ್ಕವಾಗಿ ಕೂರಿಸಿದ್ದರೆ, ಸಾಕು. ಎಲ್ಕ್, ಮೂಸ್‌ನಂಥ ದಪ್ಪ ಮೂಳೆಯ ಪ್ರಾಣಿಗಳಿಗೆ ಹದ ಮಾಡಿದ ಸ್ಟೀಲು, ಜತೆಗೆ ಕಾಲರ್ ಇರಲಿ. ಹಿತ್ತಾಳೆಯನ್ನು ಮುಂತೂಕಕ್ಕೆಂದು ಕೊಳ್ಳಬಹುದು, ಬಲಕ್ಕೆಂದು ಬೇಡ. ಅಲಗನ್ನು ಬಿಗಿದ ಪ್ರತಿ ಬಾಣವನ್ನೂ ಕಾಡಿಗೆ ಒಯ್ಯುವ ಮೊದಲು ಬುಗುರಿಯಂತೆ ತಿರುಗಿಸಿ ನೋಡಿ. ಓಲಾಡಿದ್ದನ್ನು ಮನೆಯಲ್ಲೇ ಬಿಟ್ಟುಹೋಗಿ.